ಟ್ಯಾಂಕಿಗೂ ಉಸಿರಾಟ ಬೇಕು



ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಮುಂಗಾರು ಮಳೆ ಬಿದ್ದೊಡನೆ ಉದ್ದು, ಹೆಸರು, ತೊಗರಿ, ಸೋಯಾಅವರೆಗಳ ಬಿತ್ತನೆ ಭರದಿಂದ ಸಾಗುತ್ತದೆ. ಭೂಮಿಯ ಹದ ಹೆಚ್ಚು ದಿನ ನಿಲ್ಲದು. ಅಂಥ ವೇಳೆಯಲ್ಲಿಯೇ ಕೆಲವೊಮ್ಮೆ ಟ್ರ್ಯಾಕ್ಟರು ಶಕ್ತಿ ಕುಂದಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಪಂಪು, ಇಂಜೆಕ್ಟರುಗಳನ್ನು ಬಿಚ್ಚಿಸಿ ಹಣ ಕಳೆಯುವ ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು ಪರೀಕ್ಷಿಸುವುದು ಒಳ್ಳೆಯದು.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ತಡೆತಡೆದು ಬೀಳುತ್ತದೆ. ಅದಕ್ಕೆಂದೇ ಅಂಗಡಿಯವರು ಎದುರು ಮೂಲೆಯಲ್ಲಿ ಇನ್ನೊಂದು ತೂತು ಹಾಕುತ್ತಾರೆ. ಟ್ಯಾಂಕಿನ ಸಂಗತಿಯೂ ಹೀಗೆಯೇ. ಡೀಸೆಲ್ ಖರ್ಚಾದಷ್ಟು ಗಾಳಿ ಒಳಗೆ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ಗಾಳಿರಂಧ್ರವಿರುತ್ತದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಬೇರೆ ಕೊಳವೆಯೇ ಇರುತ್ತದೆ. ಧೂಳು, ಜಿಡ್ಡು ಸೇರಿ ರಂಧ್ರ ಕಟ್ಟಿಕೊಂಡರೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿದು, ಡೀಸೆಲ್ ಇಂಜಿನ್ನಿಗೆ ಹರಿಯದು.

ಇಂಜಿನ್ ನಿಂತಾಗ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿರಿ. ‘ಸುಯ್’ ಎಂದು ಗಾಳಿ ಒಳಗೆಳೆದು, ಆಮೇಲೆ ಇಂಜಿನ್ ಸರಾಗವಾಗಿ ನಡೆದರೆ ದೋಷ ಗಾಳಿದಾರಿಯಲ್ಲಿದೆ ಎಂದು ತಿಳಿಯಬಹುದು. ಮುಚ್ಚಳವನ್ನು ಶುದ್ಧ ಡೀಸೆಲ್‌ನಲ್ಲಿ ತೊಳೆದು, ಸೈಕಲ್ ಪಂಪಿನಿಂದ ಗಾಳಿ ಊದಬೇಕು. ಮೊಳೆಯಿಂದ ರಂಧ್ರ ದೊಡ್ಡದು ಮಾಡಬಾರದು. ಮುಚ್ಚಳ ತೆರೆದಿಟ್ಟು ಅಥವಾ ಬಟ್ಟೆ ತುರುಕಿ ಕೆಲಸ ಮುಂದುವರಿಸಿದರೆ ಧೂಳು, ಮಳೆನೀರು ಡೀಸೆಲ್‌ಗೆ ಸೇರಿ ಪಂಪು, ಇಂಜೆಕ್ಟರುಗಳು ಕೆಡುತ್ತವೆ. ಮುಚ್ಚಳ ಕೆಟ್ಟಿದ್ದರೆ ಅದೇ ಮಾದರಿಯದನ್ನು ಹಾಕಿಸಬೇಕು. ಕೆಲಸ ಮುಗಿದ ಸಂಜೆಯೇ ಡೀಸೆಲ್ ತುಂಬಿಸಿದರೆ ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ಹನಿಗಟ್ಟುವ ನೀರು ಕಡಿಮೆಯಾಗುತ್ತದೆ.

ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನಲ್ಲಿ ಇನ್ನೊಂದು ತೊಡಕಿದೆ. ಡೀಸೆಲ್‌ಗಿಂತ ಪೆಟ್ರೋಲ್ ಬಹು ಬೇಗ ಆವಿಯಾಗುತ್ತದೆ. ಹಳೆಯ ಗಾಡಿಗಳಲ್ಲಿ ಈ ಆವಿ ನೇರವಾಗಿ ಹೊರಗೆ ಹೋಗುತ್ತದೆ. ಇದರಿಂದ ಪೆಟ್ರೋಲ್ ನಷ್ಟ. ಅಲ್ಲದೆ ಆ ಆವಿ ವಾಹನಗಳ ಹೊಗೆಯೊಡನೆ ಬಿಸಿಲಿಗೆ ಸೇರಿ ನೆಲದ ಸಮೀಪ ಓಜೋನ್ ಅನಿಲ ಉಂಟಾಗುತ್ತದೆ. ಇದು ಮನುಷ್ಯರ ಶ್ವಾಸಕೋಶಕ್ಕೂ ಬೆಳೆಯ ಎಲೆಗಳಿಗೂ ಹಾನಿಕರ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಲ್ಲಿ ಈ ಆವಿಗೂ ಮಿತಿಯಿದೆ. ಆದುದರಿಂದ ಹೊಸ ಪೆಟ್ರೋಲ್ ಗಾಡಿಗಳಲ್ಲಿ ಇದ್ದಿಲಿನಂಥ ಕ್ರಿಯಾಶೀಲ ಇಂಗಾಲ ತುಂಬಿದ ಡಬ್ಬಿಯಿರುತ್ತದೆ. ಗಾಡಿ ನಿಂತಿರುವಾಗ ಆವಿ ಈ ಇಂಗಾಲಕ್ಕೆ ಅಂಟಿಕೊಳ್ಳುತ್ತದೆ. ಇಂಜಿನ್ ನಡೆಯುವಾಗ ಅದರ ಸೆಳೆತಕ್ಕೆ ಹೊರಗಾಳಿ ಡಬ್ಬಿಯ ಮೂಲಕ ಹಾದು, ಆವಿಯನ್ನು ಇಂಜಿನ್ನಿಗೆ ಒಯ್ದು ಉರಿಸುತ್ತದೆ.

ಬೇಸಿಗೆಯಲ್ಲಿ ಕಂಠಮಟ್ಟ ಪೆಟ್ರೋಲ್ ತುಂಬಿಸಬಾರದು. ತಂಪಾದ 10 ಲೀಟರ್ ಪೆಟ್ರೋಲ್ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅದು ಡಬ್ಬಿಗೆ ಹರಿದು ಇಂಗಾಲವನ್ನು ನೆನೆಸಿ ಕೆಡಿಸಬಹುದು. ಡಬ್ಬಿಯ ಕೊಳವೆಗಳನ್ನು ಕಿತ್ತುಹಾಕುವುದೂ ತಪ್ಪು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ಕೊಟ್ಟಿಗೆ, ಪಡಸಾಲೆಗಳಲ್ಲಿ ನೆಲಕ್ಕೆ ಹರಡಿ ನಿಲ್ಲುತ್ತದೆ. ಹತ್ತಿರ ಬೀಡಿ, ದೀಪ, ಒಲೆ ಸಲ್ಲವು.

ಬಿತ್ತನೆಗೆ ಮುನ್ನ ಕೂರಿಗೆಯ ತಾಳುಗಳನ್ನು ನೋಡುವಂತೆ ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ನೋಡಿಕೊಳ್ಳಿರಿ. ಐದು ನಿಮಿಷದ ಈ ಕೆಲಸ ಹದದ ದಿನವೊಂದನ್ನು ಉಳಿಸೀತು.