ಬೇಳೆ ಗಿಡದ ಬೇರಿನ ಪಾಸ್‌ವರ್ಡ್



ಪುಣೆಗೆ ಬಂದು ಎಷ್ಟು ವರ್ಷವಾದರೂ ಹುಳಿಗೆ ನಮಗೆ ಊರಿನ ತೊಗರಿಬೇಳೆಯೇ ಆಗಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದನ್ನು ಬೆಳೆಯುವ ನಮ್ಮವರ ಮುಂದೆ ಇಂದು ಒಂದು ಪ್ರಶ್ನೆ ಇದೆ. 'ಸಸ್ಯಜನ್ಯ, ಇಳುವರಿ ಹೆಚ್ಚಿಸುತ್ತದೆ' ಎನ್ನುವ ಬಾಟಲಿಗೆ ದುಡ್ಡು ಹಾಕಬೇಕೇ, ಬೇಡವೇ? ಬಾಲ್ಕನಿಯಲ್ಲಿ ಅವರೆ, ಅಲಸಂದೆ ಹಾಕಿರುವ ನಮ್ಮದೂ ಅದೇ ಪ್ರಶ್ನೆ.

ಗಿಡದ ಕೆಲವು ವಸ್ತುಗಳಿಗೆ ಬೆಳವಣಿಗೆಯನ್ನು ಚುರುಕುಗೊಳಿಸುವ ಶಕ್ತಿ ಇರುವುದು ನಿಜ. ದನಗಳಿಗೆ ಹಾಕುವ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ದ್ವಿದಳ ಜಾತಿಯದೇ. 1977ರಲ್ಲಿ ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರೈಸ್ ಮತ್ತು ಸಂಗಡಿಗರು ಅದರಲ್ಲಿ ಟ್ರಯಾಕಾಂಟನಾಲ್ ಎಂಬ ಮೇಣದಂಥ ವಸ್ತುವನ್ನು ಗುರುತಿಸಿದರು. ಅದನ್ನು ಕೊಟ್ಟಾಗ ಭತ್ತ, ಮೆಕ್ಕೆಜೋಳ, ಬಾರ್ಲಿ ಸಸಿಗಳು ಹೆಚ್ಚು ಬೆಳೆದವು. ಈಗ ಬೇಳೆಕಾಳಿನ ಬೆಳೆಗೂ ಅದನ್ನು ಸಿಂಪಡಿಸುತ್ತಾರೆ. ಆದರೆ ಹೊಲದಲ್ಲಿ ಫಲಿತಾಂಶ ಎಲ್ಲ ಕಡೆ ಒಂದೇ ತರಹ ಬರಲಿಲ್ಲ. ಹವಾಮಾನ, ಪ್ರಮಾಣ, ಸಿಂಪಡಿಸುವ ಹಂತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಕಾಯಿ ಬಿಡುವುದಿಲ್ಲ.

ಅದೇ ಲೂಸರ್ನ್ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟಿತು. ಅದು ಮಣ್ಣಿಗೆ ಬಿಡುವ ಲೂಟಿಯೋಲಿನ್ ಎಂಬ ವಸ್ತು ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು ಕಟ್ಟುವ ಜೀನ್‌ಗಳನ್ನು ಎಚ್ಚರಿಸುತ್ತದೆ ಎಂದು 1986ರಲ್ಲಿ ತಿಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದೊಂದು ಪಾಸ್‌ವರ್ಡ್. ಬೇರೆ ದ್ವಿದಳ ಗಿಡಗಳೂ ತಮ್ಮದೇ ಇಂಥ ಸಂಕೇತ ಕಳಿಸುತ್ತವೆ. ಬಾಗಿಲು ತೆರೆದ ಮೇಲೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ, ಗಿಡ ಅದಕ್ಕೆ ಸಕ್ಕರೆಯ ಅಂಶ ಕೊಡುತ್ತದೆ. ನಮ್ಮ ಬೇಳೆಯ ಪ್ರೋಟೀನಿನ ಹಿಂದೆ ಈ ಕೊಡುಕೊಳ್ಳುವಿಕೆ ಇದೆ.

ಯೂರಿಯಾ ಸುರಿದರೆ ಈ ಮಾತುಕತೆ ನಿಲ್ಲುತ್ತದೆ, ಗಂಟು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಖರ್ಚು ಆಯಾ ಬೆಳೆಯ ರೈಜೋಬಿಯಂಗೆ ಇರಲಿ. ತಣ್ಣಗಾದ ಬೆಲ್ಲದ ನೀರಿನಲ್ಲಿ ಅದನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿ ತಡಮಾಡದೆ ಬಿತ್ತಬೇಕು. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲನೆ ಅಗೆದು, ಬೇರಿನ ಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆದಿದೆ ಎಂದರ್ಥ.

ಆಮೇಲೂ ಬಾಟಲಿ ಬೇಕೆನಿಸಿದರೆ? 2021ರಿಂದ ಜೈವಿಕ ಉತ್ತೇಜಕಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಒಳಗೇನಿದೆ, ಯಾವ ಬೆಳೆಗೆ, ಎಷ್ಟು ಎಂಬುದನ್ನು ಲೇಬಲ್‌ನಲ್ಲಿ ಓದಿ, ಬಿಲ್ ಕೇಳಿ ಪಡೆಯಿರಿ. ನಾಲ್ಕು ಸಾಲು ಸಿಂಪಡಿಸದೆ ಬಿಟ್ಟು, ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ.

ಕಳೆ ಕೀಳುವವರು, ಕಾಯಿ ಬಿಡಿಸುವವರು ಹೆಚ್ಚಾಗಿ ಹೆಂಗಸರು. ಬೇರನ್ನು ಹತ್ತಿರದಿಂದ ಕಾಣುವವರೂ ಅವರೇ. ಬಾಟಲಿ ಕೊಳ್ಳುವ ನಿರ್ಧಾರದಲ್ಲಿ ಮಾತ್ರ ಅವರನ್ನು ಕೇಳುವುದು ಕಡಿಮೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅತ್ತಿಗೆಗೋ ಚಿಕ್ಕಮ್ಮನಿಗೋ ಈ ಗುಲಾಬಿ ಗಂಟಿನ ವಿಷಯ ತಿಳಿಸಿ, ಅವರು ಕಂಡದ್ದನ್ನೂ ಕೇಳಿ.