ಬಿಚ್ಚಲು ಬರುವ ಬೆಸುಗೆ

ಹಳೆಯ ಉಕ್ಕಿನ ಸೈಕಲ್ಲಿಗೆ ಎದುರಿನಿಂದ ಪೆಟ್ಟು ಬಿದ್ದಿದ್ದರೆ ಮೊದಲು ನೋಡಬೇಕಾದದ್ದು ಹ್ಯಾಂಡಲ್ ಕೆಳಗಿನ ಜಾಗ. ಅಲ್ಲಿ ಕೊಳವೆಯ ಅಡಿ ಉಬ್ಬಿರುತ್ತದೆ, ಬಣ್ಣ ಬಿರಿದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಫ್ರೇಮು ಓರೆಯಾಗಿದೆಯೋ ಎಂದು ತಿಳಿಯಲು ಒಂದು ದಾರ ಸಾಕು. ಹಿಂಚಕ್ರ ಕೂರುವ ಒಂದು ತುದಿಗೆ ಕಟ್ಟಿ, ಹ್ಯಾಂಡಲ್ ಕೊಳವೆಯನ್ನು ಬಳಸಿ, ಇನ್ನೊಂದು ತುದಿಗೆ ಬಿಗಿಯಬೇಕು. ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡೂ ಕಡೆ ಸಮ ಬಂದರೆ ಸರಿ. ಬಾರದಿದ್ದರೆ, ಉಕ್ಕಾದ್ದರಿಂದ, ಕಾಯಿಸದೆಯೇ ನಿಧಾನಕ್ಕೆ ಬಗ್ಗಿಸಿ ದಾರಿಗೆ ತರಬಹುದು. ಅಲ್ಯೂಮಿನಿಯಂಗೆ ಅಷ್ಟು ಸಹನೆಯಿಲ್ಲ.

ಕೊಳವೆಯೇ ಸೀಳಿದ್ದರೆ? ಇಲ್ಲಿ ಹಳಬರ ಕೆಲಸ ನನಗೆ ಬಹಳ ಇಷ್ಟ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲೇ ತುದಿ ದಪ್ಪ, ನಡು ತೆಳುವಾದ ಕೊಳವೆಗೆ ಪೇಟೆಂಟ್ ಪಡೆದಿದ್ದರು. ಅವರ ಕಂಪನಿಯ ‘531’ ಉಕ್ಕು ಬಂದದ್ದು 1935ರಲ್ಲಿ. ಇಂಥ ತೆಳು ಕೊಳವೆಗಳನ್ನು ಕರಗಿಸಿ ಕೂಡಿಸುತ್ತಿರಲಿಲ್ಲ. ಲಗ್ ಎಂಬ ಉಕ್ಕಿನ ಒರೆಯೊಳಗೆ ಕೂರಿಸಿ, ಸಂದಿಗೆ ಹಿತ್ತಾಳೆ ಹರಿಸುತ್ತಿದ್ದರು. ನಮ್ಮ ಹಾಲಿನವರು, ಪೋಸ್ಟಿನವರು ತುಳಿದ ಕಪ್ಪು ಸೈಕಲ್ಲುಗಳೂ ಲಗ್ಗಿನವೇ. ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಉಕ್ಕು ಕರಗಲು 1400 ದಾಟಬೇಕು. ಹಾಗಾಗಿ ಮತ್ತೆ ಅಷ್ಟೇ ಬೆಂಕಿ ತಾಗಿಸಿದರೆ ಬೆಸುಗೆ ಬಿಡುತ್ತದೆ, ಕೆಟ್ಟ ಕೊಳವೆ ಹೊರಬರುತ್ತದೆ, ಅದೇ ಜಾಗದಲ್ಲಿ ಹೊಸದು ಕೂರುತ್ತದೆ. ರಿಪೇರಿಗೆಂದೇ ಹೀಗೆ ಮಾಡಿದರು ಎನ್ನಲಾರೆ. ತೆಳು ಕೊಳವೆ ಸುಡದಿರಲೆಂದು ಕಂಡುಕೊಂಡ ಉಪಾಯ ರಿಪೇರಿಗೂ ಒದಗಿತು. ಈಗಿನ ಎಷ್ಟೋ ಸಾಮಾನಿಗೆ ಸ್ಕ್ರೂ ಕೂಡ ಇರುವುದಿಲ್ಲ, ಅಂಟು ಹಾಕಿ ಮುಚ್ಚಿಬಿಟ್ಟಿರುತ್ತಾರೆ. ಬಿಚ್ಚುವವನೊಬ್ಬ ಮುಂದೆ ಬಂದಾನು ಎಂಬ ಯೋಚನೆಯೇ ಅಲ್ಲಿಲ್ಲ.

ಕೊಳವೆ ಬದಲಿಸುವುದು ಹೇಳಿದಷ್ಟು ಸಲೀಸಾದ ಕೆಲಸವಲ್ಲ. ಉಕ್ಕು ಹೊಳೆಯುವ ತನಕ ತುಕ್ಕು ಉಜ್ಜಬೇಕು. ಹಿತ್ತಾಳೆ ಹರಿಯಲು ಅಕ್ಕಸಾಲಿಗರ ಬಿಳಿಗಾರವೇ ಬೇಕು. ಬೆಂಕಿ ಹೆಚ್ಚಾದರೆ ಕೊಳವೆ ಬಲ ಕಳೆದುಕೊಳ್ಳುತ್ತದೆ. ಕಡಿಮೆಯಾದರೆ ಹಿತ್ತಾಳೆ ಒಳಗಿಳಿಯದೆ ಮೇಲೆಯೇ ಗುಂಡಾಗಿ ನಿಲ್ಲುತ್ತದೆ. ಗೇಟು ಬೆಸೆಯುವ ಅಂಗಡಿಯಲ್ಲಿ ಅವಸರಕ್ಕೆ ವೆಲ್ಡಿಂಗ್ ಹಾಕಿಸಿದರೆ ಪಕ್ಕದಲ್ಲೇ ಮತ್ತೆ ಸೀಳುವ ಭಯ ತಪ್ಪದು.

ಮೇಲಿನ ಬಾರಿಗೆ ಬಿದ್ದ ಸಣ್ಣ ತಗ್ಗನ್ನು ನಾನಾದರೆ ಮುಟ್ಟುವುದಿಲ್ಲ. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ನಾಳೆ ಅಲ್ಲೇ ಬಿರುಕು ಬಂದರೂ ತಿಳಿಯದು. ಖರ್ಚಿನ ಲೆಕ್ಕದಲ್ಲಿ ಹೊಸ ಸೈಕಲ್ಲೇ ಅಗ್ಗವಾಗಬಹುದು, ನಿಜ. ಬಿರುಕು ಬಿಟ್ಟದ್ದು ಮುಂದಿನ ಫೋರ್ಕಾದರಂತೂ ನಾನೂ ಅದನ್ನು ಗುಜರಿಗೇ ಹಾಕುವವನು. ಇಳಿಜಾರಿನಲ್ಲಿ ಅದು ಕೈಕೊಟ್ಟರೆ ಹಲ್ಲೂ ಉಳಿಯುವುದಿಲ್ಲ.