ಗೀರದೆ ಬಿಟ್ಟ ಬೆಳಕು



ನಮ್ಮ ಕಾಗವಾಡ ತಾಲೂಕಿನ ಜುಗೂಳದಿಂದ ಕೃಷ್ಣೆಯ ಆಚೆ ದಂಡೆಗೆ ಹೋದರೆ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ಗುಡಿಯ ಸ್ವರ್ಗಮಂಟಪದಲ್ಲಿ ನಿಂತು ತಲೆ ಎತ್ತಿದರೆ, ಕಂಬಗಳ ನಡುವೆ ದುಂಡಗೆ ಆಕಾಶ. ಬಿಸಿಲು ನೇರ ಕೆಳಗಿನ ಕಲ್ಲಿಗೆ ಬೀಳುತ್ತದೆ. ನಾಲ್ಕು ಹೆಜ್ಜೆ ಒಳಗೆ ಹೋದರೆ ಕತ್ತಲು. ಇದನ್ನು ಬರೀ ಕಪ್ಪು ಮಸಿಯಲ್ಲಿ ಕಾಗದಕ್ಕೆ ಇಳಿಸುವುದು ಹೇಗೆ? ಯುರೋಪಿನ ಅಚ್ಚುಚಿತ್ರಕಾರರು ಗಾಥಿಕ್ ಚರ್ಚುಗಳೊಳಗೆ ಶತಮಾನಗಟ್ಟಲೆ ಇದಕ್ಕಾಗಿಯೇ ಹೆಣಗಿದರು.

ತಾಮ್ರಪಟವೆಂದರೆ ನಮಗೆ ದಾನಶಾಸನ. ಅವರು ಅದೇ ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದರು. ಗೀರಿದಲ್ಲಿ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆ ತಗ್ಗುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಒತ್ತಿದರೆ ಚಿತ್ರ ಮೂಡುತ್ತದೆ, ಎಡಬಲ ಅದಲುಬದಲಾಗಿ. ಸೂಜಿ ಗೀರಬಲ್ಲದ್ದು ಕತ್ತಲನ್ನಷ್ಟೇ. ಕಿಟಕಿಯಿಂದ ಬರುವ ಬೆಳಕೆಂದರೆ ಕೈ ತಡೆದು ಬಿಟ್ಟ ಜಾಗ. ಈ ಕಲೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಸಂಯಮವೇ.

ಪ್ರಾಗ್‌ನಲ್ಲಿ ಹುಟ್ಟಿದ ಅಚ್ಚುಚಿತ್ರಕಾರ ವೆನ್ಸೆಸ್ಲಾಸ್ ಹೋಲರ್ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನ ಒಳಾಂಗಣವನ್ನು ಹೀಗೆಯೇ ಗೀರಿದ. ದೂರ ಹೋದಂತೆ ಕಿರಿದಾಗುವ ಕಂಬಸಾಲು, ಮೇಲೆ ಕಮಾನುಗಳು. ವಿಲಿಯಂ ಡಗ್‌ಡೇಲ್‌ನ ಪುಸ್ತಕದಲ್ಲಿ ಆ ಚಿತ್ರಗಳು ಅಚ್ಚಾದದ್ದು 1658ರಲ್ಲಿ. 1666ರ ಮಹಾ ಬೆಂಕಿಯಲ್ಲಿ ಆ ಕೆಥೆಡ್ರಲ್ ಹಾಳಾಯಿತು. ಅದರೊಳಗೆ ನಿಂತರೆ ಹೇಗಿತ್ತೆಂದು ತಿಳಿಯಲು ಇಂದಿಗೂ ಹೋಲರನ ಗೆರೆಗಳನ್ನೇ ನೋಡಬೇಕು.

ಮುಂದೆ ರಾಳದ ಪುಡಿ ಉದುರಿಸಿ ಬೂದುಬಣ್ಣ ತರುವ ಅಕ್ವಾಟಿಂಟ್ ಬಂತು. ಇಂಗ್ಲಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಭಾರತದ 144 ಚಿತ್ರಗಳನ್ನು ಆ ಬಗೆಯಲ್ಲೇ ಅಚ್ಚು ಹಾಕಿದರು. ಎಲಿಫೆಂಟಾ ಗುಹೆಯ ಒಳಗತ್ತಲೂ ಅದರಲ್ಲಿದೆ. ಆಮೇಲೆ ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಕಲ್ಲಚ್ಚು. ನಮ್ಮ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದೂ ಕಲ್ಲಚ್ಚಿನಿಂದಲೇ. 1874ರಲ್ಲಿ ಪುರಾತತ್ವಜ್ಞ ಜೇಮ್ಸ್ ಬರ್ಗೆಸ್ ಆಗಿನ ಬೆಳಗಾವಿ, ಕಲಾದಗಿ ಜಿಲ್ಲೆಗಳ ಗುಡಿಗಳನ್ನು ದಾಖಲಿಸುವ ಹೊತ್ತಿಗೆ ಕ್ಯಾಮೆರಾ ಜೊತೆಗಿತ್ತು.

ಇದ್ದದ್ದನ್ನು ಇದ್ದಂತೆ ತೋರಿಸುವ ಕೆಲಸ ಕ್ಯಾಮೆರಾಕ್ಕೆ ಹೋದಮೇಲೆ ಕಲಾವಿದನ ಕೈ ಹಗುರಾಯಿತು. ಫ್ರೆಂಚ್ ಚಿತ್ರಕಾರ ರಾಬರ್ಟ್ ದೆಲೋನೆ 1909ರ ಸುಮಾರಿಗೆ ಪ್ಯಾರಿಸ್ಸಿನ ಸ್ಯಾಂ ಸೆವ್ರಾಂ ಚರ್ಚಿನ ಕಂಬಗಳನ್ನು ತೂಗಾಡುವಂತೆ ಬರೆದ, ಮುಂದೆ ಅದನ್ನೇ ಕಲ್ಲಚ್ಚಿಗೂ ತಂದ. ಸ್ವರ್ಗಮಂಟಪದಲ್ಲಿ ಬಹಳ ಹೊತ್ತು ಮೇಲೆ ನೋಡಿದವರಿಗೆ ಅದು ಸುಳ್ಳೆನಿಸುವುದಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯಿಂದ ಚಿತ್ರಕಲೆ ಕಲಿಯಲು ಹೊರಟ ಮಕ್ಕಳೇ, ಒಮ್ಮೆ ಒಂದು ತಾಮ್ರದ ತಗಡು ಹಿಡಿದು ಖಿದ್ರಾಪುರಕ್ಕೆ ಹೋಗಿ. ಕಂಬಗಳನ್ನು ಎಷ್ಟು ಬೇಕಾದರೂ ಗೀರಿ. ನಡುವಿನ ಆ ದುಂಡು ಆಕಾಶಕ್ಕೆ ಮಾತ್ರ ಸೂಜಿ ತಾಗಿಸಬೇಡಿ.